ಕಲಬುರಗಿ ಬಿಸಲಾಗ ಸ್ನೋಬೋರ್ಡ್ ಮಾಡಿದ್ದು

ನಾ ಮನ್ಯಾಗ ಮಾಡಿದ ಎರಡನೇ ಸ್ನೋಬೋರ್ಡ್, ಅಂದ್ರ ಬರಫಿನ ಮ್ಯಾಲ ನಿಂತು ಜಾರೋ ಹಲಗಿ, ಹೋದ ವಾರ ಬ್ಯಾಗಿನಿಂದ ಹೊರಗ ಬಂತು. ವ್ಯಾಕ್ಯೂಮ್ ಬ್ಯಾಗಿನ ಪ್ಲಾಸ್ಟಿಕ್ ಹರದು, ಅಂಚಿನಾಗ ಗಟ್ಟಿ ಆಗಿದ್ದ ರೆಸಿನ್ ಅಂಟು ಎಲ್ಲಾ ಜಿಗ್‌ಸಾದಿಂದ ಕೊಯ್ದು ತಗದು, ಶಹಾಬಾದ್ ಕಲ್ಲಿನ ಮ್ಯಾಲ ಇಟ್ಟು ನೋಡ್ದೆ, ನಡುವ ಕಲ್ಲಿಗೂ ಬೋರ್ಡಿಗೂ 6 ಮಿಮೀ ಸಂದಿ, ಎರಡೂ ಕಡಿ ಮೂತಿ ಮ್ಯಾಲ ಎದ್ದಾವ, ಕಾಗದದ ಮ್ಯಾಲ ಹ್ಯಾಂಗ್ ಬರದಿದ್ದೆ ಹಂಗೇ ಕುಂತದ. ಆವಾಗಿಂದ ಮನಸ್ಸಿನಾಗ ಒಂದೇ ಅದ, ಮೊದಲನೇ ಬೋರ್ಡಿನಾಗ ಎಲ್ಲಿ ತಪ್ಪಿದೆ, ಆ ತಪ್ಪ ಯಾರು ಹಿಡದ್ರು ಅನ್ನೋದು ಮರಿಯೋಕಿಂತ ಮೊದಲ ಬರದಿಡ್ಬೇಕು ಅಂತ. ಯಾಕಂದ್ರ ಇಂಟರ್ನೆಟ್ಟಿನಾಗ ಸ್ನೋಬೋರ್ಡ್ ಮಾಡೋದು ಹ್ಯಾಂಗ ಅಂತ ಹುಡುಕಿದ್ರ ಸಿಗೋರೆಲ್ಲಾ ಚಳಿ ದೇಶದೋರು, ಅವರ ಗ್ಯಾರೇಜಿನಾಗ ರೆಸಿನ್ ಗಟ್ಟಿ ಆಗಂಗಿಲ್ಲ ಅಂತ ಹೀಟರ್ ಹಚ್ಚತಾರ, ನಮ್ಮ ತ್ರಾಸ ಅದರ ಪೂರಾ ಉಲ್ಟಾ.

ಶುರು ಆಗಿದ್ದು ಕಾಶ್ಮೀರದ ಗುಲ್ಮಾರ್ಗಿನಾಗ. ಗೆಳತ್ಯಾರ ಜೊತಿ ಹತ್ತು ದಿವಸ ಹೋಗಿದ್ದೆ, ಬಾಡಿಗಿ ಬೋರ್ಡ್ ತಗೊಂಡು ಕಲ್ತೆ. ನನ್ನ ತೂಕ 51 ಕಿಲೋ, ಕಾಲಿಂದು ಸೈಜ್ 5. ಕೊಟ್ಟ ಬೋರ್ಡ್ 158 ಸೆಂಟಿಮೀಟರ್ ಉದ್ದ, ನಡುವಿನ ಅಗಲ 256 ಮಿಮೀ, ಅದು ಎಂಬತ್ತು ಕಿಲೋ ತೂಕದ ಗಂಡಸರಿಗಿ ಮಾಡಿದ್ದು. ಬೂಟಿನ ತುದಿ ಅಂಚಿನ ತನ ಮುಟ್ಟೋದೇ ಇಲ್ಲ, ಹಂಗಾಗಿ ಬೋರ್ಡ್ ಓರಿ ಮಾಡ್ಬೇಕಂದ್ರ ಪಾದದ ಬಲ ಸಾಲೂದಿಲ್ಲ, ಮತ್ತ ಬೋರ್ಡ್ ಎಷ್ಟು ಬಿರುಸು ಅಂದ್ರ ನನ್ನ ತೂಕಕ್ಕ ಅದು ಬಾಗೂದೇ ಇಲ್ಲ. ಕಲಿಸೋರು ನಿಮಗ ಸಣ್ಣದು ಬೇಕು ಅಂದ್ರು, ಆದ್ರ ಬಾಡಿಗಿ ಅಂಗಡ್ಯಾಗ ಇರ್ಲಿಲ್ಲ. ಹೊಸದು ತರಿಸ್ಬೇಕಂದ್ರ ನಲವತ್ತೈವತ್ತು ಸಾವಿರದ ಮಾತು. ವಾಪಸ್ ಬರೋವಾಗ ಕರ್ನಾಟಕ ಎಕ್ಸ್‌ಪ್ರೆಸ್ಸಿನಾಗ ಕುಂತು, ದಿಲ್ಲಿಯಿಂದ ಕಲಬುರಗಿ ತನ, ಬರೀ ಇದೇ ವಿಚಾರ: ಇದು ಕಟ್ಟಿಗಿ, ಗಾಜಿನ ನೂಲಿನ ಬಟ್ಟಿ, ಅಂಟು, ಕಬ್ಬಿಣ, ಪ್ಲಾಸ್ಟಿಕ್. ಇದರಾಗ ನಮ್ಮ ಮನ್ಯಾಗ ಗೊತ್ತಿಲ್ಲದ್ದು ಏನದ?

ನಮ್ಮ ಮುತ್ಯಾ ಬಡಿಗ್ಯಾ, ಆಳಂದ ತಾಲೂಕಿನ ಹಳ್ಳ್ಯಾಗ ಕೂರಿಗಿ, ಕುಂಟಿ, ಬಂಡಿ ಮಾಡೋರು. ಸೋದರಮಾವನೂ ಅದೇ ಕೆಲಸ, ಈಗ ಬಂಡಿ ಯಾರೂ ಮಾಡಸಂಗಿಲ್ಲ ಅಂತ ಕಲಬುರಗಿಗಿ ಬಂದು ಬಾಗಿಲ ಚೌಕಟ್ಟು ಮಾಡ್ತಾರ. ನಾ ಮೆಕ್ಯಾನಿಕಲ್ ಡಿಪ್ಲೊಮಾ ಓದೀನಿ. ಈ ಆಟ ಹುಟ್ಟಿದ್ದೂ ಹಿಂಗೇ ಮನ್ಯಾಗ, 1965ರಾಗ ಅಮೆರಿಕದ ಮಿಷಿಗನ್ನಿನಾಗ ಶರ್ಮನ್ ಪಾಪೆನ್ ಅನ್ನೋರು ಮಗಳಿಗಿ ಆಡ್ಲಿಕ್ಕ ಎರಡು ಸ್ಕೀ ಜೋಡಿಸಿ ಒಂದ್ ಹಲಗಿ ಮಾಡಿ ಕೊಟ್ರು, ಅದಕ್ಕ ಸ್ನರ್ಫರ್ ಅಂತ ಹೆಸರು ಬಿತ್ತು. ಆಮ್ಯಾಲ 1977ರಾಗ ವರ್ಮಾಂಟಿನಾಗ ಜೇಕ್ ಬರ್ಟನ್ ಕಾರ್ಪೆಂಟರ್ ಅನ್ನೋರು ಬೋರ್ಡ್ ಮಾಡೋ ಕಂಪನಿ ತಗದ್ರು, 1998ರ ನಗಾನೊ ಒಲಿಂಪಿಕ್ಸಿಗಿ ಆಟ ಮುಟ್ತು. ಕಾರ್ಪೆಂಟರ್ ಅಂದ್ರ ಅಲ್ಲಿ ಅಡ್ಡಹೆಸರು, ನಮ್ಮಲ್ಲಿ ಬಡಿಗೇರ ಅಂದಂಗ. ಮಾವಗ ಇದನ್ನ ಹೇಳ್ದಾಗ ಅವ್ರು ಸುಮ್ನ ಕೈಯಾಗಿನ ಉಳಿ ಕೆಳಗಿಟ್ಟು, ಮತ್ತೊಮ್ಮೆ ಹೇಳು ಅಂದ್ರು. ಅವತ್ತಿಂದ ಅವ್ರು ನನ್ನ ಜೊತಿಗಿ ಅದಾರ.

ಮೊದಲ ಆಕಾರ. ಸ್ನೋಬೋರ್ಡ್ ಮ್ಯಾಲಿಂದ ನೋಡಿದ್ರ ನಡು ಸಣ್ಣ, ಎರಡೂ ತುದಿ ಅಗಲ, ಹೆಣ್ಮಕ್ಕಳ ನಡು ಇದ್ದಂಗ. ಪಕ್ಕದ ಆ ಬಾಗು ಒಂದು ದೊಡ್ಡ ವರ್ತುಲದ ತುಂಡು, ಅದಕ್ಕ ಸೈಡ್‌ಕಟ್ ಅಂತಾರ. ಬೋರ್ಡ್ ಓರಿ ಮಾಡಿ ಒಂದು ಅಂಚಿನ ಮ್ಯಾಲ ನಿಂತಾಗ ನಡು ಕೆಳಗ ಒತ್ತಿ ಆ ಅಂಚು ಬರಫಿನಾಗ ಬಿಲ್ಲಿನಂಗ ಕೂಡ್ತದ, ಬೋರ್ಡ್ ತಾನೇ ಆ ಬಿಲ್ಲಿನ ದಾರಿ ಹಿಡದು ತಿರಗತದ. ಕಾಲಿಂದ ತಿರುವೋದಲ್ಲ ಅದು, ಆಕಾರನೇ ತಿರಗಸ್ತದ. ನಾ ಹಾಕಿದ ಲೆಕ್ಕ ಇದು: ಉದ್ದ 146 ಸೆಂಮೀ, ನಡು 240 ಮಿಮೀ, ತುದಿ 280 ಮಿಮೀ. ಅಂದ್ರ ಒಂದೊಂದು ಪಕ್ಕಕ್ಕ 20 ಮಿಮೀ ಒಳಗ ಬಾಗು. ಬರಫಿಗಿ ಹತ್ತೋ ಅಂಚಿನ ಉದ್ದ 1120 ಮಿಮೀ. ಉದ್ದದ ವರ್ಗ ತಗೊಂಡು, ಬಾಗಿನ ಎಂಟರಷ್ಟರಿಂದ ಭಾಗಿಸಿದ್ರ ತ್ರಿಜ್ಯ ಬರ್ತದ, ಸುಮಾರು 7.8 ಮೀಟರ್. ಬೋರ್ಡ್ 45 ಡಿಗ್ರಿ ಓರಿ ಮಾಡಿದ್ರ ಅದೇ 5.5 ಮೀಟರಿಗಿ ಇಳೀತದ, ಎಷ್ಟು ಓರಿ ಅಷ್ಟು ಬಿಗಿ ತಿರುವು.

ಕಂಪ್ಯೂಟರಿನಾಗ ಬರದು ಪ್ರಿಂಟ್ ಹಾಕಸ್ಬಹುದಿತ್ತು, ಆದ್ರ ಮಾವ ಬ್ಯಾಡ ಅಂದ್ರು. ಮಾಳಗಿ ಮ್ಯಾಲ ಒಂದ್ ಮೊಳಿ ಹೊಡದು, ದಾರ ಹಿಗ್ಗತದ ಅಂತ ಬೈಂಡಿಂಗ್ ತಂತಿ ಕಟ್ಟಿ, 7.8 ಮೀಟರ್ ಅಳದು, ಆ ತುದಿಗಿ ಪೆನ್ಸಿಲ್ ಹಚ್ಚಿ ಪ್ಲೈವುಡ್ಡಿನ ಮ್ಯಾಲ ಒಂದೇ ಎಳತಕ್ಕ ಬಾಗು ಎಳದ್ರು. ಮೂತಿಯ ಗುಂಡು ಆಕಾರಕ್ಕ ಬಿದಿರಿನ ದಬ್ಬಿ ಬಾಗಿಸಿ ಹಿಡದ್ವಿ, ಬಿದಿರು ತಾನಾಗಿ ಬಾಗಿದಲ್ಲಿ ಎಲ್ಲೂ ಮೂಲಿ ಬೀಳಂಗಿಲ್ಲ, ಕಣ್ಣಿಗಿ ಹಿತ ಅನಿಸೋ ಗೆರಿ ಬರ್ತದ. ಆ ಪ್ಲೈವುಡ್ ಟೆಂಪ್ಲೇಟ್ ಇವತ್ತಿಗೂ ಅದೇ ಬಳಸ್ತೀನಿ.

ಒಳಗಿನ ಕಟ್ಟಿಗಿ, ಅಂದ್ರ ಕೋರ್, ಇದರ ಬಗ್ಗೆ ಜರಾ ಹೆಚ್ಚಿಗಿ ಬರೀತೀನಿ ಯಾಕಂದ್ರ ನನಗ ಇದ್ರಾಗೇ ಭಾಳ ಪ್ರೀತಿ. ಹೊರಗಿನ ದೇಶದಾಗ ಪಾಪ್ಲರ್, ಪೌಲೋನಿಯಾ, ಬೀಚ್, ಆಶ್ ಬಳಸ್ತಾರ. ಪಾಪ್ಲರ್ ನಮ್ಮ ದೇಶದಾಗೂ ಪಂಜಾಬ, ಹರಿಯಾಣಾ ಕಡಿ ಬೆಳೀತಾರ, ಪ್ಲೈವುಡ್ಡಿಗಿ ಹೋಗ್ತದ, ಆದ್ರ ಇಲ್ಲಿಗಿ ಒಂದ್ ಹಲಗಿ ತರಸೋದು ಅಂದ್ರ ಲಾರಿ ಬಾಡಿಗೀನೇ ಹೆಚ್ಚು. ಮೊದಲ ನಾ ಸಾಗವಾನಿ ಅಂದ್ಕೊಂಡೆ, ಮಾವ ತಲಿ ಅಲ್ಲಾಡಿಸಿದ್ರು, ಸಾಗವಾನಿ ಒಳಗ ಎಣ್ಣಿ ಇರ್ತದ, ಅಂಟು ಸರಿಯಾಗಿ ಹಿಡಿಯಂಗಿಲ್ಲ, ಮತ್ತ ತೂಕ. ಬೇವು ಗಟ್ಟಿ, ಆದ್ರ ನೂಲು, ಅಂದ್ರ ಕಟ್ಟಿಗಿ ಎಳಿ, ಸೊಟ್ಟ. ಕಡಿಗಿ ಅವ್ರೇ ಹೇಳಿದ್ದು ಹೆಬ್ಬೇವು. ನಮ್ಮ ಕಡಿ ಹೊಲದ ಬದುವಿಗಿ, ಒಬ್ಬೊಬ್ಬರು ಪೂರಾ ಹೊಲಕ್ಕೇ ಹೆಬ್ಬೇವು ಹಚ್ಚ್ಯಾರ, ಪ್ಲೈವುಡ್ ಫ್ಯಾಕ್ಟರಿಗಿ ಮಾರ್ಲಿಕ್ಕ. ಹಗುರ, ನೂಲು ನೆಟ್ಟಗ, ಅಂಟು ಚೊಲೊ ಹಿಡೀತದ. ಅದನ್ನ 20 ಮಿಮೀ ಅಗಲದ ಪಟ್ಟಿ ಸೀಳಿ, ಉಂಗುರದ ಗೆರಿ ಒಂದು ಈ ಕಡಿ ಒಂದು ಆ ಕಡಿ ಬರಂಗ ಉಲ್ಟಾ-ಸುಲ್ಟಾ ಜೋಡಿಸಿ ಅಂಟಿಸಿದ್ವಿ, ಹಂಗ ಮಾಡಿದ್ರ ಒಂದು ಸೊಟ್ಟ ಆಗ್ಲಿಕ್ಕ ಹೋದ್ರ ಬಾಜೂದ್ದು ಅದನ್ನ ತಡೀತದ. ಎರಡೂ ಅಂಚಿಗಿ ಒಂದೊಂದು ಬಿದಿರಿನ ಪಟ್ಟಿ, ಯಾಕಂದ್ರ ಪೆಟ್ಟು ಬೀಳೋದು ಅಂಚಿಗಿ, ಬಿದಿರು ಪೆಟ್ಟು ತಿಂದು ಮತ್ತ ವಾಪಸ್ ಬರ್ತದ.

ಕೋರಿನ ದಪ್ಪ ನಡುವ 7 ಮಿಮೀ, ಎರಡೂ ತುದಿಗಿ 2 ಮಿಮೀ, ಅದರ ನಡುವ ಇಳಿಜಾರು. ಎಲ್ಲಾ ಮಜಾ ಇಲ್ಲೇ ಅದ. ಬರೀ ಕಟ್ಟಿಗಿ ಆದ್ರ ದಪ್ಪದ ಘನದಷ್ಟು ಬಿರುಸು ಏರ್ತದ, 7 ಇದ್ದದ್ದು 8 ಮಾಡಿದ್ರ ಒಂದೂವರಿ ಪಟ್ಟು. ಮ್ಯಾಲ ಕೆಳಗ ಗಾಜಿನ ಬಟ್ಟಿ ಇರೋದ್ರಿಂದ ಪೂರಾ ಅಷ್ಟಾಗಂಗಿಲ್ಲ, ಆದ್ರೂ ಮೂರರಾಗ ಒಂದು ಪಾಲು ಹೆಚ್ಚಾಗ್ತದ, ಬರೀ ಒಂದು ಮಿಲಿಮೀಟರಿಗಿ. ಮಂದಿ ರೌಟರಿಗಿ ಓರಿ ಪಟ್ಟಿ ಕಟ್ಟಿ ಕೆತ್ತತಾರ, ಮಾವ ರಂದಾ ಹಿಡದು ಕೈಲೇ ಮಾಡಿದ್ರು, ಪ್ರತಿ 10 ಸೆಂಟಿಮೀಟರಿಗಿ ಪೆನ್ಸಿಲ್ ಗೆರಿ, ಅಲ್ಲಲ್ಲಿ ನಾ ವರ್ನಿಯರ್ ಹಚ್ಚಿ ನೋಡೋದು. ಹೈದರಾಬಾದಿನಾಗಿನ ಗೆಳತಿ ಹಂತ್ಯಾಕ ಒಂದು ಕಂಪನಿ ಬೋರ್ಡ್ ಅದ, ನನ್ನ ಅಳತಿದೇ, ಅದನ್ನ ತರಿಸ್ಕೊಂಡು ಒಂದು ಮೀಟರ್ ಅಂತರದಾಗ ಎರಡು ಇಟಗಿ ಇಟ್ಟು, ನಡುವ 25 ಕಿಲೋ ತೊಗರಿ ಚೀಲ ಇಟ್ಟಾಗ 30 ಮಿಮೀ ಬಾಗ್ತು. ಅದೇ ನನ್ನ ಗುರಿ ಆಯ್ತು. ಈಗ ಎರಡನೇದು 31 ಮಿಮೀ ಬಾಗ್ತದ.

ತಳದ ಪ್ಲಾಸ್ಟಿಕ್ಕಿನಾಗ ಎರಡು ತಿಂಗಳ ಹೋದವು. ಬರಫಿನ ಮ್ಯಾಲ ಜಾರೋ ತಳ ಅಲ್ಟ್ರಾ ಹೈ ಮಾಲಿಕ್ಯುಲರ್ ವೇಟ್ ಪಾಲಿಎಥಿಲೀನ್ ಅನ್ನೋದು, ಮೊಣಕಾಲ ಕೀಲು, ಸೊಂಟದ ಕೀಲು ಬದಲಿ ಮಾಡೋವಾಗ ಒಳಗ ಹಾಕೋದೂ ಇದೇ ಜಾತಿ ಪ್ಲಾಸ್ಟಿಕ್. ದಾಲ್ ಮಿಲ್ಲಿನಾಗ ಕಾಳು ಜಾರಿ ಬರ್ಲಿ ಅಂತ ಹಾಪರಿಗಿ ಇದನ್ನೇ ಬಡೀತಾರ, ನಮ್ಮಲ್ಲಿ ಮಿಲ್ಲಿಗಿ ಏನ್ ಕಡಿಮಿ, ಹಂಗಾಗಿ ಒಂದ್ ಅಂಗಡ್ಯಾಗ ತೆಳು ಶೀಟ್ ಸಿಕ್ಕೇ ಬಿಡ್ತು. ಆದ್ರ ಅದಕ್ಕ ಯಾವುದೂ ಅಂಟಂಗಿಲ್ಲ. ಸ್ಯಾಂಡ್‌ಪೇಪರ್ ಹೊಡದೆ, ಗ್ಯಾಸ್ ಟಾರ್ಚಿನಿಂದ ಉರಿ ಬೀಸಿದೆ, ಎಪಾಕ್ಸಿ, ಅಂದ್ರ ಅದೇ ರೆಸಿನ್ ಅಂಟು, ಹಚ್ಚಿ ಮೂರು ದಿವಸ ಬಿಟ್ಟು ನೋಡಿದ್ರ ಬಾಳಿಹಣ್ಣಿನ ಸಿಪ್ಪಿ ಸುಲದಂಗ ಸುಲೀತು. ಉರಿ ಬೀಸೋದು ಸರಿಯಾದ ವಿಧಾನನೇ, ಉರಿ ತಾಕಿದಲ್ಲಿ ಪ್ಲಾಸ್ಟಿಕ್ಕಿನ ಮೈ ಬದಲಾಗಿ ಅಂಟು ಹಿಡೀತದ, ಆದ್ರ ಒಂದೇ ಸಮ ಬೀಸಬೇಕು, ಕೈಲೆ ಮಾಡಿದ್ರ ಒಂದ್ ಕಡಿ ಕಡಿಮಿ ಒಂದ್ ಕಡಿ ಕರಗೋದು. ಬೋರ್ಡಿಗಂತ ಮಾಡಿದ ಶೀಟಿಗಿ ಫ್ಯಾಕ್ಟರ್‍ಯಾಗೇ ಒಂದು ಮೈ ಹಂಗ ಮಾಡಿ ಕೊಡ್ತಾರ. ಕಡಿಗಿ 1.3 ಮಿಮೀ ದಪ್ಪದ ಅಂಥಾ ಶೀಟು, ಉಕ್ಕಿನ ಎಡ್ಜ್, ಬೂಟು ಬೋರ್ಡಿಗಿ ಕಟ್ಟೋ ಬೈಂಡಿಂಗಿನ ಸ್ಕ್ರೂ ಕೂಡಸೋ ಇನ್ಸರ್ಟ್ ಈ ಮೂರು ಹೊರಗಿಂದ ತರಿಸ್ದೆ, ಕಸ್ಟಮ್ಸ್ ಎಲ್ಲಾ ದಾಟಿ ಬರೋದ್ರಾಗ ಆರು ವಾರ. ಉಳಿದದ್ದೆಲ್ಲಾ ಇಲ್ಲಿದೇ.

ಎಡ್ಜ್ ಅಂದ್ರ ಒಳಗಿನ ಕಡಿ ಹಲ್ಲು ಇರೋ ಉಕ್ಕಿನ ಪಟ್ಟಿ, ತಳದ ಸುತ್ತ ಕೂಡ್ತದ, ಹಲ್ಲು ಒಳಗ ಗಾಜಿನ ಬಟ್ಟಿ ಕೆಳಗ ಸಿಗಬೀಳ್ತಾವ. ಮೂತಿ ಹತ್ರ ಬಾಗಿಸ್ಬೇಕಾದ್ರ ಕಮ್ಮಾರರ ಹಂಗ ಸ್ವಲ್ಪ ಸ್ವಲ್ಪ, ಒಂದೇ ಸಲಕ್ಕ ಬಾಗಿಸಿದ್ರ ಮುರೀತದ ಇಲ್ಲಂದ್ರ ತಿರುಚತದ. ಇನ್ಸರ್ಟ್ ಎಲ್ಲಾ ಎಂ-6 ಅಳತಿ ಸ್ಕ್ರೂ ಮರಿ, 40 ಮಿಮೀ ಅಂತರದಾಗ ಚೌಕ ಚೌಕ, ಹೆಚ್ಚಿನ ಕಂಪನಿ ಬೈಂಡಿಂಗ್ ಈ ಅಳತಿಗಿ ಕೂಡ್ತಾವ. ಮರಿ ಒಳಗ ಎಪಾಕ್ಸಿ ಹೋಗಬಾರ್ದು ಅಂತ ವ್ಯಾಸ್ಲೀನ್ ಹಚ್ಚಿದ ಸ್ಕ್ರೂ ತುರುಕಿ ಇಟ್ಟಿದ್ದೆ.

ಇನ್ನ ಒತ್ತೋದು. ದೊಡ್ಡ ಫ್ಯಾಕ್ಟರ್‍ಯಾಗ ಬಿಸಿ ಪ್ರೆಸ್ ಇರ್ತಾವ, ಮನ್ಯಾಗ ಮಾಡೋರು ಕೆಲವ್ರು ಅಗ್ನಿಶಾಮಕದವರ ಪೈಪಿಗಿ ಗಾಳಿ ತುಂಬಿ ಕಬ್ಬಿಣದ ಚೌಕಟ್ಟಿನಾಗ ಒತ್ತತಾರ. ನಾ ವ್ಯಾಕ್ಯೂಮ್ ಹಿಡದೆ. ಹಳಿ ಫ್ರಿಜ್ಜಿನ ಕಂಪ್ರೆಸರ್ ಗುಜರಿಯಿಂದ ತಂದು, ಫ್ರಿಜ್ ರಿಪೇರಿ ಮಾಡೋ ಅಣ್ಣಾರ ಹಂತ್ಯಾಕ ಅದರ ಎಳಿಯೋ ಬಾಯಿಗಿ ಪೈಪ್ ಬೆಸಸ್ಕೊಂಡೆ. ಬೋರ್ಡ್ ಎಲ್ಲಾ ಪ್ಲಾಸ್ಟಿಕ್ ಚೀಲದಾಗ ಹಾಕಿ ಗಾಳಿ ಎಳದ್ರ ಹೊರಗಿನ ಗಾಳೀನೇ ಒತ್ತತದ. ಬೋರ್ಡಿನ ಮೈ ಸುಮಾರು 0.36 ಚದರ ಮೀಟರ್, ಗೇಜ್ 85 ಕಿಲೋಪಾಸ್ಕಲ್ ತೋರಿಸ್ತು ಅಂದ್ರ ಮೂರು ಟನ್ ಭಾರ, 50 ಕಿಲೋದ 60 ಚೀಲ ತೊಗರಿ ಅದರ ಮ್ಯಾಲ ಹೇರಿದಂಗ, ಮತ್ತ ಎಲ್ಲಾ ಕಡಿ ಒಂದೇ ಸಮ. ಅವ್ವಗ ಇದನ್ನ ಹೇಳಿದಾಗ ಅಕಿ ಬಂದು ಆ ಪ್ಲಾಸ್ಟಿಕ್ ಮ್ಯಾಲ ಕೈ ಇಟ್ಟು ನೋಡಿದ್ಳು, ಕಲ್ಲಿನಂಗ ಗಟ್ಟಿ. ಕೆಳಗ ಆಧಾರಕ್ಕ ಪಾಲಿಶ್ ಮಾಡಿದ ಶಹಾಬಾದ್ ಕಲ್ಲು, ಅಷ್ಟು ಸಪಾಟ ಟೇಬಲ್ ಬ್ಯಾರೆ ಎಲ್ಲಿ ಸಿಗಬೇಕು, ಅದರ ಮ್ಯಾಲ ಪ್ಲೈವುಡ್ಡಿನ ಅಚ್ಚು.

ಮೊದಲನೇ ಬೋರ್ಡ್ ಹಾಕಿದ್ದು ಮೇ ತಿಂಗಳಾಗ. ಹೊರಗ 42 ಡಿಗ್ರಿ. ಎಪಾಕ್ಸಿ ಡಬ್ಬಿ ಮ್ಯಾಲ 25 ಡಿಗ್ರಿಗಿ ಒಂದು ತಾಸು ಕೆಲಸಕ್ಕ ಬರ್ತದ ಅಂತ ಬರದಿತ್ತು, ಹತ್ತು ಡಿಗ್ರಿ ಏರಿದ್ರ ಅರ್ಧ ಆಗ್ತದ ಅನ್ನೋ ಅಂದಾಜಿನ ಲೆಕ್ಕ, ಅಂದ್ರ ನಮ್ಮ ಮಧ್ಯಾಹ್ನದಾಗ ಇಪ್ಪತ್ತು ಮಿನಿಟು. ಟ್ರಯಲ್ಲಿಗಂತ ಒಂದು ಬಕೀಟಿನಾಗ ಕಲಸಿ ಇಟ್ಟಿದ್ದು ಹತ್ತೇ ಮಿನಿಟಿಗಿ ಹೊಗಿ ಬಂದು ಕಲ್ಲಾಯ್ತು, ಯಾಕಂದ್ರ ಎಪಾಕ್ಸಿ ತಾನೇ ಬಿಸಿ ಹುಟ್ಟಸ್ತದ, ಬಕೀಟಿನಾಗ ಗುಂಪಾಗಿ ಇದ್ರ ಆ ಬಿಸಿ ಹೊರಗ ಹೋಗಂಗಿಲ್ಲ, ಬಿಸಿ ಆದಂಗ ಇನ್ನೂ ಜಲ್ದಿ ಗಟ್ಟಿ ಆಗ್ತದ. ಹಂಗಾಗಿ ಅಗಲದ ಪರಾತದಾಗ ತೆಳ್ಳಗ ಹರವಿ ಬಳಸ್ಬೇಕು, ಸ್ವಲ್ಪ ಸ್ವಲ್ಪ ಕಲಸ್ಬೇಕು, ಮತ್ತ ಎಪಾಕ್ಸಿ ತಡವಾಗಿ ಗಟ್ಟಿ ಮಾಡೋ ಹಾರ್ಡನರ್ ತಗೋಬೇಕು. ನಾವು ನಸಿಕಿನ ಮೂರೂವರಿಗಿ ಎದ್ವಿ. ಮಾವ, ಅವ್ವ, ಕಾಕಾನ ಮಗ, ನಾನು. ಒಬ್ಬರು ತೂಗೋದು, ಒಬ್ಬರು ಕಲಸೋದು, ಇಬ್ಬರು ಹಚ್ಚೋದು. ತಳ ಮತ್ತ ಎಡ್ಜ್, ಎಡ್ಜಿನ ಮ್ಯಾಲ ತೆಳು ರಬ್ಬರ್ ಪಟ್ಟಿ, ಎಪಾಕ್ಸಿ, ಗಾಜಿನ ಬಟ್ಟಿ, ಎಪಾಕ್ಸಿ, ಕೋರ್, ಎಪಾಕ್ಸಿ, ಮತ್ತ ಗಾಜಿನ ಬಟ್ಟಿ. ಈ ಬಟ್ಟಿ ಮೂರು ದಿಕ್ಕಿನ ನೂಲಿಂದು, ಉದ್ದಕ್ಕ ಒಂದು, ಓರಿ 45 ಡಿಗ್ರಿಗಿ ಎರಡು, ಉದ್ದದ ನೂಲು ಬಾಗು ತಡೀತದ, ಓರಿ ನೂಲು ಬೋರ್ಡ್ ಹಿಂಡಿದ ಅರಬಿ ಹಂಗ ತಿರುಚೋದು ತಡೀತದ.

ಎಲ್ಲಾದರ ಮ್ಯಾಲ ಪ್ಲಾಸ್ಟಿಕ್ ಟಾಪ್‌ಶೀಟಿನ ಬದಲಿ ಅವ್ವನ ಹಳಿ ಇಳಕಲ್ ಸೀರಿ ಸೆರಗು, ಟೋಪ ತೆನಿ ಸೆರಗು, ಕೆಂಪು ಬಿಳಿ. ಅಕಿನೇ ಕೊಟ್ಳು, ಮದವಿ ಸೀರಿ ಅದು, ಒಡಲು ಹರದು ಹೋಗಿತ್ತು, ಸೆರಗು ಮಾತ್ರ ಉಳದಿತ್ತು. ಎಪಾಕ್ಸಿ ಹೀರ್ಕೊಂಡ ಕೂಡ್ಲೇ ಆ ಕೆಂಪು ಹ್ಯಾಂಗ ಗಾಢ ಆಯ್ತು ಅಂದ್ರ ನಾಕೂ ಮಂದಿ ಎರಡು ಮಿನಿಟು ಕೆಲಸ ಬಿಟ್ಟು ನೋಡಕೋತ ನಿಂತ್ವಿ. ಹೊತ್ತು ಹೊಂಡೋದ್ರಾಗ ಬ್ಯಾಗ್ ಮುಚ್ಚಿ ಪಂಪ್ ಚಾಲೂ ಮಾಡಿದ್ವಿ.

ಆಮ್ಯಾಲ ನಾ ಮಾಡಿದ್ದೇ ತಪ್ಪು. ಚಳಿ ದೇಶದೋರು ಹೀಟರ್ ಹಚ್ಚತಾರ, ನಮಗ ದೇವರು ಬಿಸಲು ಪುಕ್ಕಟೆ ಕೊಟ್ಟಾನ, ಬಿಸಿ ಹೆಚ್ಚಾದಷ್ಟು ಎಪಾಕ್ಸಿ ಗಟ್ಟಿ ಅಂತ ತಿಳದು, ಪೂರಾ ಅಚ್ಚನ್ನೇ ಮಾಳಗಿ ಮ್ಯಾಲಿನ ಪತ್ರಾಸಿನ ಶೆಡ್ಡಿನಾಗ ಇಟ್ಟು ಕರಿ ಪ್ಲಾಸ್ಟಿಕ್ ಹೊಚ್ಚಿದೆ. ಮಧ್ಯಾಹ್ನ ಒಳಗ ಥರ್ಮಾಮೀಟರ್ 58 ತೋರಿಸ್ತು. ಮರುದಿವಸ ತಗದ್ರ ಬೋರ್ಡ್ ಗಂಟಿ ಹೊಡದಂಗ ಸಪ್ಪಳ ಮಾಡ್ತಿತ್ತು, ಅಷ್ಟು ಗಟ್ಟಿ. ತೂಕ 2.9 ಕಿಲೋ. ಅಡ್ಡಕ್ಕ ನೋಡಿದ್ರ ತಳ ಸಪಾಟ. ಮನಿ ಮಂದಿ ಎಲ್ಲಾ ಫೋಟೋ ತಕ್ಕೊಂಡ್ರು.

ಜನವರ್‍ಯಾಗ ಮತ್ತ ಗುಲ್ಮಾರ್ಗ್. ರೈಲಿನ ಬರ್ತಿನ ಕೆಳಗ 146 ಸೆಂಮೀ ಆರಾಮ್ ಕೂಡ್ತದ. ಊರು 2650 ಮೀಟರ್ ಎತ್ತರದಾಗ, ಅಲ್ಲಿಂದ ಗೊಂಡೋಲಾ, ಅಂದ್ರ ರೋಪ್‌ವೇ, ಮೊದಲನೇ ಹಂತ ಕೊಂಗ್‌ಡೋರಿ ತನ ಒಯ್ತದ, ಎರಡನೇದು ಅಫರ್ವಟ್ ಗುಡ್ಡದ ಹೆಗಲಿಗಿ. ನಾ ಕೆಳಗಿನ ಸಣ್ಣ ಇಳಿಜಾರದಾಗೇ ಶುರು ಮಾಡ್ದೆ. ಮುಂಜಾನಿ ಮೈನಸ್ 10. ಬೋರ್ಡ್ ನೆಟ್ಟಗ ಬಿಟ್ರ ಭಾರಿ ಓಡ್ತದ, ಆದ್ರ ಅಡ್ಡ ಮಾಡಿ ಜಾರಿಸಿ ನಿಲ್ಲಿಸ್ತೀನಿ ಅಂದ್ರ ಅಂಚು ಗಪ್ಪಂತ ಕಚ್ಚತದ, ಎತ್ತಿ ಒಗೀತದ. ಎಂಟು ಸಲ ಬಿದ್ದೆ, ಒಂದ್ ಸಲ ಎದಿ ಮ್ಯಾಲ ಬಿದ್ದು ಉಸರ ಸಿಗಲಿಲ್ಲ. ಬಾಡಿಗಿ ಬೋರ್ಡ್ ಹಿಂಗ ಎಂದೂ ಕಚ್ಚಿದ್ದಿಲ್ಲ. ಅಲ್ಲೇ ಬರಫಿನಾಗ ಕುಂತು ತಳ ಮ್ಯಾಲ ಮಾಡಿ, ಸ್ಟೀಲ್ ಪಟ್ಟಿ ಅಡ್ಡ ಇಟ್ಟು ಬೆಳಕಿಗಿ ಹಿಡದು ನೋಡಿದೆ. ಎರಡೂ ಎಡ್ಜ್ ಪಟ್ಟಿಗಿ ಹತ್ತ್ಯಾವ, ನಡುವ ಬೆಳಕು ಕಾಣ್ತದ, ಒಂದು ಮಿಮೀ ಅಷ್ಟು. ತಳ ತಟ್ಟಿ ಹಂಗ ಒಳಗ ಹೋಗ್ಯದ. ಕಲಬುರಗ್ಯಾಗ ಸಪಾಟ ಇದ್ದದ್ದು! ರಾತ್ರಿ ಹೋಟೆಲಿನ ಬುಖಾರಿ, ಅಂದ್ರ ಖೋಲಿ ಬೆಚ್ಚಗ ಮಾಡೋ ಒಲಿ, ಅದರ ಬಾಜೂಕ ಇಟ್ಟು ನೋಡಿದ್ರ ಮತ್ತ ಅರ್ಧ ಮಿಮೀಗಿ ಬಂತು. ನಿದ್ದಿ ಬರ್ಲಿಲ್ಲ.

ಮನಿಗಿ ಬಂದು ಮಾವಗ ತೋರಿಸ್ದೆ. ಅಲ್ಲಿ ಕುಣಿ ಬೀಳ್ತದ, ಬಿಸಿ ಆದ್ರ ಸರಿ ಆಗ್ತದ ಅಂದೆ. ಅವ್ರು ಪಟ್ಟನ ಹೇಳಿದ್ರು, ಹಳಿ ಆಗ್ಯಾದ ನೋಡವ್ವಾ ಇದು.

ಬಂಡಿ ಗಾಲಿಗಿ ಕಬ್ಬಿಣದ ಹಳಿ ಹಾಕೋದು ನೀವು ನೋಡಿರಿಲ್ಲೋ. ಹಳಿ ಗಾಲಿಕಿಂತ ಜರಾ ಸಣ್ಣ ಮಾಡಿರ್ತಾರ. ಕುಳ್ಳಿನ ಬೆಂಕ್ಯಾಗ ಅದನ್ನ ಕೆಂಪಗ ಕಾಸತಾರ, ಕಾದು ಹಿಗ್ಗಿದಾಗ ನಾಕು ಮಂದಿ ಇಕ್ಕಳ ಹಿಡದು ಗಾಲಿ ಮ್ಯಾಲ ಕೂಡಿಸಿ, ಕೊಡ ಕೊಡ ನೀರು ಸುರೀತಾರ. ಹಳಿ ಕುಗ್ಗಿ ಅರಗೊಳ್ನೆಲ್ಲಾ ಗುಂಬದ ಕಡಿ ಹಿಂಡತದ, ಗಾಲಿ ಕಟಕಟ ಅಂತ ಸಪ್ಪಳ ಮಾಡಿ ಬಿಗಿ ಆಗ್ತದ. ಮುತ್ಯಾ ಹೇಳ್ತಿದ್ರಂತ, ಹಳಿ ಎಷ್ಟು ಸಣ್ಣ ಇಡಬೇಕು ಅನ್ನೋದು ತಪ್ಪಿದ್ರ ಗಾಲಿ ಒಂದ್ ಕಡಿ ಬಟ್ಟಲಿನಂಗ ಹೊಳ್ಳತದ ಅಂತ. ಮಾವ ಹೇಳಿದ್ದು ಇಷ್ಟೇ: ನೀ ಕಾಸಿ ಕೂಡಿಸಿದಿ, ತಣ್ಣಗಾದ ಮ್ಯಾಲ ಅದು ಹಿಂಡ್ಲಿಕತ್ತದ.

ಆ ರಾತ್ರಿ ಲೆಕ್ಕ ಹಾಕ್ದೆ. ಈ ಪಾಲಿಎಥಿಲೀನ್ ಭಾಳ ಹಿಗ್ಗಿ ಕುಗ್ಗೋ ಪ್ಲಾಸ್ಟಿಕ್, ಮೀಟರಿಗಿ ಒಂದ್ ಡಿಗ್ರಿಗಿ ಕಡಿಮಿ ಅಂದ್ರೂ 0.15 ಮಿಮೀ. 58ರಾಗ ಗಟ್ಟಿ ಆಗಿ ಮೈನಸ್ 10ಕ್ಕ ಹೋದ್ರ 68 ಡಿಗ್ರಿ ಇಳಿತ, 240 ಮಿಮೀ ಅಗಲದ ತಳ ಹತ್ತಿರ ಹತ್ತಿರ ಎರಡೂವರಿ ಮಿಮೀ ಸಣ್ಣ ಆಗ್ಲಿಕ್ಕ ನೋಡ್ತದ. ಅದರ ಮ್ಯಾಲಿನ ಗಾಜಿನ ಬಟ್ಟಿ ಕಾಲು ಮಿಮೀ ಅಷ್ಟೇ ಕುಗ್ಗತದ. ಇಬ್ಬರೂ ಅಂಟಿಕೊಂಡಾರ, ಒಬ್ಬ ಎಳೀತಾನ ಒಬ್ಬ ಬರಂಗಿಲ್ಲ, ಹಂಗಾಗಿ ಪೂರಾ ಬೋರ್ಡೇ ತಳದ ಕಡಿ ಬಟ್ಟಲಾಗ್ತದ, ಎಡ್ಜ್ ಎರಡೂ ಕೆಳಗ ಇಳೀತಾವ, ಬರಫಿಗಿ ಮೊದಲ ಅವೇ ಹತ್ತತಾವ. ಕಂಪನಿ ಬೋರ್ಡಿಗಿ ಮ್ಯಾಲೂ ಪ್ಲಾಸ್ಟಿಕ್ ಟಾಪ್‌ಶೀಟ್ ಇರ್ತದ, ಅದೂ ಕುಗ್ಗಿ ಸ್ವಲ್ಪ ಸಮ ಮಾಡ್ತದ. ನಂದರಾಗ ಮ್ಯಾಲ ಬರೀ ಸೀರಿ. ಬಿಸಲಿನ ತಪ್ಪೂ ಸೀರಿ ತಪ್ಪೂ ಎರಡೂ ಕೂಡ್ಯಾವ. ಮುತ್ಯಾನ ಕಾಲದಿಂದ ನಮ್ಮ ಮನ್ಯಾಗ ಗೊತ್ತಿದ್ದ ವಿದ್ಯೆ ಇದು, ನಾ ಡಿಪ್ಲೊಮಾದಾಗ ಥರ್ಮಲ್ ಎಕ್ಸ್‌ಪಾನ್ಷನ್ ಅಂತ ಓದಿ ಪರೀಕ್ಷಾ ಬರದೀನಿ, ಆದ್ರ ಹಳಿ ನೋಡಿದೋರ ಕೈಗಿ ಅದು ನನಕಿಂತ ಮೊದಲ ಹೊಳೀತು.

ಸೀರಿ ಬಿಡ್ಲಿಕ್ಕ ನಾ ತಯಾರಿಲ್ಲ. ಹಂಗಾಗಿ ಬಿಸಿ ಬಿಟ್ವಿ. ಎರಡನೇ ಬೋರ್ಡ್ ಈ ಡಿಸೆಂಬರಿನಾಗ, ಕೆಳಗಿನ ಖೋಲ್ಯಾಗ, 23 ಡಿಗ್ರಿದಾಗ, ಎರಡು ಹಗಲು ಎರಡು ರಾತ್ರಿ ವ್ಯಾಕ್ಯೂಮ್ ಬಿಡದಂಗ. ಕಂಪ್ರೆಸರ್ ಬಿಸಿ ಆಗ್ತದ ಅಂತ ನಾನೂ ಕಾಕಾನ ಮಗನೂ ಪಾಳಿ ಹಚ್ಚಿ ಕಾದ್ವಿ, ಗೇಜ್ ಇಳದಾಗ ಚಾಲೂ, ಏರಿದಾಗ ಬಂದ್. ಮೈನಸ್ 10ಕ್ಕ ಈಗ 33 ಡಿಗ್ರಿ ಅಂತರ, ಮೊದಲಿನ ಅರ್ಧ. ತಣ್ಣಗ ಗಟ್ಟಿ ಮಾಡಿದ್ರ ಇನ್ನೊಂದು ತ್ರಾಸ ಅದ, ಎಪಾಕ್ಸಿ ಪೂರಾ ಬಲ ಬರ್ಲಿಕ್ಕ ಒಂದು ವಾರ ಬೇಕು, ಮತ್ತ ಬೇಸಗ್ಯಾಗ ಬಿಸಲಿಗಿ ಬಿಟ್ರ ಮೆತ್ತಗಾಗಿ ಆಕಾರ ಬಿಡ್ಬಹುದು, ಹಂಗಾಗಿ ಇದು ಇನ್ಮ್ಯಾಲ ಗೋದಿ ಕಣಜದ ಹಿಂದಿನ ತಂಪು ಗ್ವಾಡಿಗಿ, ಮಲಗಿಸಿ ಇಡೋದು. ಕಾರಿನಾಗ ಮಾತ್ರ ಎಂದೂ ಬಿಡಂಗಿಲ್ಲ.

ಆದ್ರ ಸರಿ ಆಗ್ಯಾದೋ ಇಲ್ಲೋ ನೋಡ್ಬೇಕಂದ್ರ ಚಳಿ ಬೇಕು, ಮತ್ತ ಗುಲ್ಮಾರ್ಗ್ ತನ ಹೋಗಿ ಬೀಳೋದು ಬ್ಯಾಡ. ಐಸ್‌ಕ್ರೀಮ್ ಇಡೋ ಕೋಲ್ಡ್ ಸ್ಟೋರೇಜ್ ಒಂದು ಗುರುತಿನವರದು ಅದ, ಒಳಗ ಮೈನಸ್ 18. ಮೊನ್ನೆ ಐತವಾರ ಎರಡೂ ಬೋರ್ಡ್ ಒಯ್ದು ರಾತ್ರಿ ಪೂರಾ ಅಲ್ಲಿಟ್ಟು, ಮುಂಜಾನಿ ಗುಲ್ಮಾರ್ಗಿಗಿ ಹೊಲಸಿದ ಜಾಕೀಟ್ ಹಾಕ್ಕೊಂಡು ಒಳಗ ಹೋದ್ವಿ, ಮಾವ ಕಂಬಳಿ ಹೊಚ್ಕೊಂಡಿದ್ರು. ಹಳಿದು: ಪಟ್ಟಿ ಕೆಳಗ ಸಂದಿ ಅಳಿಯೋ ಫೀಲರ್ ಗೇಜ್ 1.1 ಮಿಮೀ. ಹೊಸದು: 0.4.

ಆ 0.4 ತಗಿಯೋ ದಾರಿನೂ ಮಾವನ ಜೊತಿ ಮಾತಾಡ್ತಾ ಅಲ್ಲೇ ಹೊಳೀತು. ಬೆಚ್ಚಗ ಇದ್ದಾಗ ಸಪಾಟ ಉಜ್ಜಿದ್ರ ಚಳ್ಯಾಗ ಮತ್ತ ಕುಣಿ ಬೀಳ್ತದ, ಅದಕ್ಕ ಚಳ್ಯಾಗ ಇದ್ದಾಗೇ ಉಜ್ಜಬೇಕು. ಮಾಲಕರು ಇಪ್ಪತ್ತು ಮಿನಿಟಿಗಿ ಹ್ಞೂಂ ಅಂದ್ರು. ಅಲ್ಲೇ ಐಸ್‌ಕ್ರೀಮ್ ಡಬ್ಬಿ ಮ್ಯಾಲ ಬೋರ್ಡ್ ಮಲಗಿಸಿ, ಫೈಲನ್ನ ತಳದ ಮ್ಯಾಲ ಅಡ್ಡ ಇಟ್ಟು, ಮೂತಿಯಿಂದ ಬಾಲದ ತನ ಎಡ್ಜ್ ಮಾತ್ರ ತಾಕಂಗ ಎಳದೆ, ಎಳದೆ, ಕೈ ಮರಗಟ್ಟಿದಾಗ ಮಾವ ಹಿಡದ್ರು. ಉಕ್ಕಿನ ಪುಡಿ ಸೀರಿ ಮ್ಯಾಲ ಬೀಳಬಾರ್ದು ಅಂತ ಅವ್ರು ತಮ್ಮ ಕಂಬಳಿ ಕೆಳಗ ಹಾಸಿದ್ರು. ಎಡ್ಜಿನ ದಪ್ಪ 2 ಮಿಮೀ, ಅದರಾಗ 0.4 ಹೋದ್ರೂ ಜೀವಕ್ಕ ತೊಂದ್ರಿ ಇಲ್ಲ. ಹದಿನೆಂಟನೇ ಮಿನಿಟಿಗಿ ನಾ ಪಟ್ಟಿ ಅಡ್ಡ ಹಿಡದೆ, ಮಾವ ಹಿಂದಿನಿಂದ ಮೊಬೈಲ್ ಟಾರ್ಚ್ ಹಚ್ಚಿದ್ರು, ಮೂತಿ ಹತ್ರ ಕೂದಲೆಳಿ ಅಷ್ಟು ಬೆಳಕು ಕಾಣ್ತದ, ನಡುವ ಎಲ್ಲೂ ಕಾಣಂಗಿಲ್ಲ.

ಇನ್ನ ಎಡ್ಜಿಗಿ ತಳದ ಕಡಿ ಒಂದು ಡಿಗ್ರಿ ಓರಿ ಕೊಡೋದದ, ಮೇಣ ಇಸ್ತ್ರಿಯಿಂದ ಮೂರ್‍ನಾಕು ಸಲ ಕುಡಸೋದದ. ಬರೋ ತಿಂಗಳ 9ಕ್ಕ ಟಿಕೀಟು, ಈ ಸಲ ಎರಡು, ಮಾವ ಬರಫ್ ನೋಡಿಲ್ಲ.